ನೂರರವರೆಗೆ ಹೇಳುತ್ತೆ, ಏಳು ಚಮಚ ತರೋಕೆ ಬರಲ್ಲ: ಮನೆಯಲ್ಲೇ ಕೈಯಿಂದ ಕಲಿಸುವ ಗಣಿತ

ಅಪ್ಪ ಅಮ್ಮಂದಿರ ದೂರು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. "ಒಂದರಿಂದ ನೂರು ಗಡಗಡ ಹೇಳ್ತಾಳೆ, ಬರೀತಾಳೆ ಕೂಡ. ಆದ್ರೆ ಏಳು ಚಮಚ ತಗೊಂಡ್ ಬಾ ಅಂದ್ರೆ ಕೈಗೆ ಸಿಕ್ಕಷ್ಟು ಬಾಚ್ಕೊಂಡು ಬರ್ತಾಳೆ." ಮಗುವಿನ ಬುದ್ಧಿಗೇನೂ ಆಗಿಲ್ಲ. ನಾವು ಕಲಿಸಿದ ಕ್ರಮ ತಲೆಕೆಳಗಾಗಿದೆ. ಬಾಯಿಪಾಠ ಮೊದಲು, ಕಾಪಿ ಬರೆಸುವುದು ಆಮೇಲೆ, ವಸ್ತು ಮುಟ್ಟಿಸುವುದು ಟೈಮ್ ಸಿಕ್ಕರೆ. ಇಲ್ಲಿ ಅದನ್ನು ತಿರುವಿ ಹಾಕಿದ್ದೇನೆ: ಮೊದಲು ಕೈ, ಆಮೇಲೆ ಬಾಯಿ, ಕೊನೆಗೆ ಕಾಗದ.

ಇದು 3ರಿಂದ 7 ವರ್ಷದ ಮಕ್ಕಳಿಗೆ. ಆದರೆ ವಯಸ್ಸು ನೋಡಿ ಹಂತ ಆರಿಸಬೇಡಿ. ಕೆಳಗಿನ ಪರೀಕ್ಷೆ ಮಾಡಿ, ಅದು ಹೇಳಿದ ಕಡೆಯಿಂದ ಶುರು ಮಾಡಿ. ಆರು ವರ್ಷದ ಮಗು ಎರಡನೇ ಹಂತದಲ್ಲಿ ನಿಂತಿದ್ದರೂ ಪರವಾಗಿಲ್ಲ, ಅಲ್ಲಿಂದಲೇ ಹೊರಡಿ.

ಮೊದಲು ಸಾಮಾನು ಹೊಂದಿಸಿಕೊಳ್ಳಿ

ಅಂಗಡಿಗೆ ಹೋಗುವ ಅಗತ್ಯ ಹೆಚ್ಚು ಇಲ್ಲ. ಇಷ್ಟಿದ್ದರೆ ಒಂದೆರಡು ವರ್ಷ ನಡೆಯುತ್ತದೆ:

- ಹುಣಸೆ ಬೀಜ, ಸರಿಯಾಗಿ 100. ತೊಳೆದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಮುಚ್ಚಳ ಇರುವ ಡಬ್ಬಿಗೆ ಹಾಕಿ. ಯಾಕೆ ಸರಿಯಾಗಿ 100 ಅನ್ನುವುದು ಆಮೇಲೆ ಗೊತ್ತಾಗುತ್ತದೆ.
- ಇನ್ನೊಂದು ಹತ್ತು ಹುಣಸೆ ಬೀಜ, ಒಂದು ಬದಿ ಮಾತ್ರ ಒರಟು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿದ್ದು.
- ಮೊಟ್ಟೆಯ ಕಾಗದದ ಟ್ರೇ ಒಂದು. 30 ಮೊಟ್ಟೆಯ ಟ್ರೇಯಲ್ಲಿ ಐದೈದು ಗುಳಿಯ ಆರು ಸಾಲು ಇರುತ್ತದೆ. ಎರಡೆರಡು ಸಾಲಿಗೆ ಕತ್ತರಿಸಿದರೆ ಹತ್ತು ಗುಳಿಯ ಮೂರು ತುಂಡು. ಮೊಟ್ಟೆಯ ಅಂಟು ಆಗಿರದ ಶುಭ್ರವಾದ ಟ್ರೇ ಆರಿಸಿ. ಮನೆಗೆ ಮೊಟ್ಟೆ ತರದವರು ರಟ್ಟಿನ ಮೇಲೆ ಐದೈದರ ಎರಡು ಸಾಲು ಚೌಕ ಬರೆದುಕೊಂಡರೆ ಸಾಕು.
- ಐಸ್‌ಕ್ರೀಂ ಕಡ್ಡಿ ಅಥವಾ ಊದಿನಕಡ್ಡಿ ಉರಿದು ಉಳಿದ ತುಂಡು, ನೂರು. ಜೊತೆಗೆ ಹತ್ತು ರಬ್ಬರ್ ಬ್ಯಾಂಡ್. ಬೆಂಕಿಕಡ್ಡಿ ಬೇಡ.
- ಸೀಮೆಸುಣ್ಣ, ಒಂದು ದಾಳ, ನಾಲ್ಕು ಕವಡೆ, ಅಡುಗೆಮನೆಯ ಪಾವು ಅಥವಾ ಒಂದೇ ಅಳತೆಯ ಎರಡು ಲೋಟ.

ಗೋಡೆಗೆ ಅಂಟಿಸುವ ಅಂಕಿ ಚಾರ್ಟು, ಹಾಡು ಹಾಡುವ ಪ್ಲಾಸ್ಟಿಕ್ ಆಟಿಕೆ, ನಾಲ್ಕು ವರ್ಷಕ್ಕೇ ಅಬಾಕಸ್ ಕ್ಲಾಸು, ಇವು ಈ ವಯಸ್ಸಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ದುಡ್ಡು ಮಿಗಿಸಿ.

ಶುರು ಮಾಡುವ ಮುನ್ನ ಈ ಎಚ್ಚರಿಕೆ ಓದಿ

ಮೂರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಬೀಜ, ಕಾಳು, ನಾಣ್ಯ ಯಾವುದೂ ನೆಲದ ಮೇಲೆ ಬರಬಾರದು. ಅಕ್ಕ ಆಡುವಾಗ ತಮ್ಮ ಬಾಯಿಗೆ ಹಾಕಿಕೊಳ್ಳುತ್ತಾನೆ. ಅಂಥ ಮನೆಯಲ್ಲಿ ನಿಂಬೆಹಣ್ಣು, ಆಲೂಗಡ್ಡೆ, ಚಮಚ, ಲೋಟ ಬಳಸಿ. ಮೂರು ದಾಟಿದ ಮಗುವಿನ ಜೊತೆ ಕೂಡ ಆಟ ಮುಗಿಯುವ ತನಕ ನೀವು ಪಕ್ಕದಲ್ಲೇ ಇರಬೇಕು.

ಕಾಳನ್ನು ಮೂಗಿಗೋ ಕಿವಿಗೋ ತುರುಕಿಕೊಳ್ಳುವುದು ಮಕ್ಕಳ ಹಳೇ ಕಸುಬು. ಹಾಗಾದರೆ ಪಿನ್ನು, ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ, ನೀರೂ ಬಿಡಬೇಡಿ. ಕಾಳು ತೇವಕ್ಕೆ ಉಬ್ಬುತ್ತದೆ. ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.

ಇನ್ನೊಂದು ಮುಖ್ಯ ವಿಷಯ. ಅಳಗುಳಿ ಮಣೆಯ ಜೊತೆ ಹಳೇ ಮನೆಗಳಲ್ಲಿ ಕೆಂಪು-ಕಪ್ಪು ಬಣ್ಣದ ಗುಲಗಂಜಿ ಇಟ್ಟಿರುತ್ತಾರೆ. ನೋಡಲು ಬಲು ಚೆಂದ. ಆದರೆ ಗುಲಗಂಜಿ ವಿಷ. ಇಡಿಯಾಗಿ ನುಂಗುವುದಕ್ಕಿಂತ ಕಚ್ಚಿ ಒಡೆದರೆ ಹೆಚ್ಚು ಅಪಾಯ. ಹರಳು ಬೀಜವೂ ಹಾಗೇ. ಎರಡನ್ನೂ ಮಕ್ಕಳ ಡಬ್ಬಿಯಿಂದ ತೆಗೆದುಬಿಡಿ. ಒಂದು ಬೀಜ ಬಾಯಿಗೆ ಹೋಗಿದೆ ಅನ್ನುವ ಅನುಮಾನ ಬಂದರೂ "ನೋಡೋಣ" ಅಂತ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಉಳಿದ ಬೀಜವನ್ನೂ ಜೊತೆಗೆ ಒಯ್ಯಿರಿ.

ಪರೀಕ್ಷೆ: "ನಂಗೆ ಏಳು ಕೊಡು"

ಒಂದು ತಟ್ಟೆಯಲ್ಲಿ ಹದಿನೈದು ಬೀಜ ಹಾಕಿ. ಪರೀಕ್ಷೆ ಅಂತ ಹೇಳಬೇಡಿ. ನೀವು ಅಂಗಡಿಗೆ ಬಂದವರು, ಮಗು ಅಂಗಡಿಯವನು. "ಸ್ವಾಮಿ, ಮೂರು ಕೊಡಿ" ಅನ್ನಿ. ಕೊಟ್ಟ ಬೀಜ ಪ್ರತಿ ಸಲ ತಟ್ಟೆಗೆ ವಾಪಸ್ ಹಾಕಿ, ಆಮೇಲೆ ಐದು, ಏಳು, ಹತ್ತು ಕೇಳಿ. ಕೊಟ್ಟಾದ ಮೇಲೆ ಒಂದೇ ಪ್ರಶ್ನೆ: "ಒಟ್ಟು ಎಷ್ಟು ಕೊಟ್ರಿ?"

ಮಗು ಏನು ಮಾಡುತ್ತದೆ ಅಂತ ಸುಮ್ನೆ ನೋಡಿ. ತಿದ್ದಬೇಡಿ.

ಎಣಿಸದೇ ಮುಷ್ಟಿ ತುಂಬ ಕೊಟ್ಟರೆ ಒಂದನೇ ಹಂತದಿಂದ ಶುರು. ಎಣಿಸುತ್ತದೆ, ಆದರೆ ಏಳಕ್ಕೆ ನಿಲ್ಲದೆ ತಟ್ಟೆ ಖಾಲಿ ಆಗುವ ತನಕ ಹೋಗುತ್ತದೆ, ಅಥವಾ "ಒಟ್ಟು ಎಷ್ಟು" ಅಂದರೆ ಮತ್ತೆ ಒಂದರಿಂದ ಶುರು ಮಾಡುತ್ತದೆ ಎಂದರೆ ಎರಡನೇ ಹಂತ. ಹತ್ತರವರೆಗೂ ಸರಿಯಾಗಿ ಕೊಟ್ಟು, ತಡವರಿಸದೆ "ಹತ್ತು" ಅಂದರೆ ಮೂರನೇ ಹಂತಕ್ಕೆ ಹೋಗಿ. ನೂರರವರೆಗೆ ಬರೆಯಲು ಬಂದರೂ ಇದರಲ್ಲಿ ತಪ್ಪಿದರೆ, ಆ ಬರವಣಿಗೆಯನ್ನು ಸ್ವಲ್ಪ ದಿನ ಮರೆತುಬಿಡಿ.

ಹಂತ 1: ಬೇರೆ ಮಾಡು, ಜೋಡಿ ಮಾಡು

ಈ ಹಂತದಲ್ಲಿ ಅಂಕಿಯ ಹೆಸರೇ ಬೇಡ. ಬಾಗಿಲ ಹತ್ತಿರದ ಚಪ್ಪಲಿಗಳನ್ನು ಜೋಡಿ ಮಾಡಿಸಿ. ಒಣಗಿದ ಬಟ್ಟೆಯಲ್ಲಿ ಅಪ್ಪನದು, ಅಮ್ಮನದು, ತನ್ನದು ಅಂತ ಬೇರೆ ಮಾಡಿಸಿ. ಅವರೆಕಾಳು, ಕಡಲೆ, ಅಲಸಂದೆ ಬೆರೆಸಿ ಮೂರು ಬಟ್ಟಲಿಗೆ ವಿಂಗಡಿಸಲು ಕೊಡಿ. ಮಗು ತನ್ನದೇ ನಿಯಮ ಮಾಡಿಕೊಂಡು, ಬಣ್ಣದ ಬದಲು ದೊಡ್ಡದು ಚಿಕ್ಕದು ಅಂತ ಇಟ್ಟರೆ ತಪ್ಪಲ್ಲ. "ಇದನ್ನ ಯಾಕೆ ಇಲ್ಲಿಟ್ಟೆ?" ಅಂತ ಕೇಳಿ ಸಾಕು.

ಆಮೇಲೆ ಊಟದ ತಟ್ಟೆ ಇಡಿಸಿ. ತಟ್ಟೆಗೊಂದು ಲೋಟ. ಕೇಳಬೇಕಾದ ಪ್ರಶ್ನೆ "ಎಷ್ಟು ಲೋಟ?" ಅಲ್ಲ, "ಎಲ್ಲರಿಗೂ ಸಾಕಾಗುತ್ತಾ?" ಬೇಕಂತಲೇ ಒಂದು ಲೋಟ ಕಮ್ಮಿ ಕೊಡಿ. "ಅಜ್ಜಿಗೆ ಇಲ್ಲ!" ಅಂತ ಮಗು ತಾನೇ ಓಡಿ ಇನ್ನೊಂದು ತಂದ ದಿನ ಈ ಹಂತ ಮುಗಿಯಿತು.

ಹಂತ 2: ಮುಟ್ಟು, ಸರಿಸು, ಎಣಿಸು

ಹೆಚ್ಚಿನವರು ಎಡವುವುದು ಇಲ್ಲೇ. ಆದ್ದರಿಂದ ನಿಧಾನ.

ಎರಡು ಬಟ್ಟಲು ಇಡಿ. ಎಡಗಡೆಯ ಬಟ್ಟಲಲ್ಲಿ ಐದು ಬೀಜ. ಒಂದೊಂದನ್ನೇ ಎತ್ತಿ ಬಲಗಡೆಯ ಬಟ್ಟಲಿಗೆ ಹಾಕುತ್ತಾ ಎಣಿಸಬೇಕು. ದೂರದಿಂದ ಬೆರಳು ತೋರಿಸಿ ಎಣಿಸುವುದು ಈಗ ಬೇಡ. ಬೆರಳು ತೋರಿಸುವಾಗ ಒಂದನ್ನು ಎರಡು ಸಲ ಎಣಿಸುವುದು, ಒಂದನ್ನು ಬಿಡುವುದು ಆಗುತ್ತದೆ. ಎತ್ತಿ ಹಾಕಿದರೆ ಎಣಿಸಿದ್ದು ಬೇರೆ, ಎಣಿಸಬೇಕಾದ್ದು ಬೇರೆ ಅಂತ ಕಣ್ಣಿಗೇ ಕಾಣುತ್ತದೆ.

ಒಂದು ಸೂಕ್ಷ್ಮ ಇದೆ. ನಮ್ಮ ಅಂಕಿಗಳ ಹೆಸರು ಒಂದೇ ಉಸಿರಿನ ಒಂದಕ್ಷರದ ಶಬ್ದಗಳಲ್ಲ. ಒಂ-ದು, ಎ-ರ-ಡು, ಮೂ-ರು. ಕೆಲವು ಮಕ್ಕಳು "ಮೂ" ಅನ್ನುವಾಗ ಒಂದು ಬೀಜ, "ರು" ಅನ್ನುವಾಗ ಇನ್ನೊಂದು ಬೀಜ ಎತ್ತುತ್ತಾರೆ. ನಾವು "ತಪ್ಪು, ಮತ್ತೆ ಎಣಿಸು" ಅನ್ನುತ್ತೇವೆ, ಮಗುವಿಗೆ ಎಲ್ಲಿ ತಪ್ಪಿದೆ ಅಂತ ತಿಳಿಯುವುದೇ ಇಲ್ಲ. ಮಗುವಿನ ಕೈ ಹಿಡಿದು, ಪೂರ್ತಿ ಶಬ್ದ ಮುಗಿದ ಮೇಲೇ ಬೀಜ "ಟಕ್" ಅಂತ ಬೀಳುವ ಹಾಗೆ ನಾಲ್ಕೈದು ಸಲ ಮಾಡಿ. ಸ್ಟೀಲ್ ಬಟ್ಟಲು ಇದಕ್ಕೆ ಒಳ್ಳೆಯದು, ಸದ್ದು ಬರುತ್ತದೆ. ಮೆಟ್ಟಿಲು ಹತ್ತುವಾಗಲೂ ಅಷ್ಟೇ, ಮೆಟ್ಟಿಲಿಗೆ ಒಂದು ಶಬ್ದ.

ಎಣಿಸಿ ಮುಗಿಸಿದ ತಕ್ಷಣ ನೀವು ಒಂದು ಮಾತು ಸೇರಿಸಿ: "ಒಂದು, ಎರಡು, ಮೂರು, ನಾಲ್ಕು. ನಾಲ್ಕು ಬೀಜ." ಕೊನೆಯಲ್ಲಿ ಹೇಳಿದ ಅಂಕಿಯೇ ಇಡೀ ಗುಂಪಿನ ಲೆಕ್ಕ ಎಂಬುದು ನಮಗೆ ಹೇಳಬೇಕಾಗಿಯೇ ಇಲ್ಲದ ಮಾತು. ಮಗುವಿಗೆ ಅದು ದೊಡ್ಡ ವಿಷಯ. "ನಾಲ್ಕು" ಅಂದರೆ ನಾಲ್ಕನೇ ಬೀಜದ ಹೆಸರು ಅಂತಲೇ ತುಂಬಾ ಮಕ್ಕಳು ತಿಳಿದಿರುತ್ತಾರೆ. ನಾಲ್ಕು ಬೀಜ ಎಣಿಸಿದ ಮಗುವಿಗೆ "ಅದರಲ್ಲಿ ಎರಡು ಕೊಡು" ಅನ್ನಿ. ಸಾಲಿನ ಎರಡನೇ ಬೀಜ ಒಂದನ್ನೇ ಎತ್ತಿ ಕೊಟ್ಟರೆ ಇದೇ ಗೊಂದಲ ಅಂತ ಲೆಕ್ಕ.

ಮನುಷ್ಯರನ್ನು ಎಣಿಸುವಾಗ ಇನ್ನೊಂದು ತೊಡಕು. ವಸ್ತುವಾದರೆ ಎರಡು, ಮೂರು. ಜನರಾದರೆ ಇಬ್ಬರು, ಮೂವರು. "ಮನೇಲಿ ಎರಡು ಅಜ್ಜಿ ಇದ್ದಾರೆ" ಅಂದರೆ ನಕ್ಕುಬಿಡಬೇಡಿ. ಲೆಕ್ಕ ಸರಿಯಿದೆ, ಭಾಷೆ ತಾನಾಗಿ ಬರುತ್ತದೆ.

ಐದರಲ್ಲಿ ಸರಾಗವಾದ ಮೇಲೆ ಏಳು, ಆಮೇಲೆ ಹತ್ತು. ಒಂದೇ ವಾರದಲ್ಲಿ ಇಪ್ಪತ್ತಕ್ಕೆ ಹಾರಬೇಡಿ. ದಿನಕ್ಕೆ ಹತ್ತು ನಿಮಿಷ ಸಾಕು. ಮಗು "ಇನ್ನೊಂದ್ಸಲ" ಅನ್ನುವಾಗಲೇ ಡಬ್ಬಿ ಮುಚ್ಚಿ.

ಆರು ಬೀಜ ಒತ್ತಾಗಿಟ್ಟು ಎಣಿಸಿಸಿ, ಆಮೇಲೆ ಅದನ್ನೇ ಅಗಲವಾಗಿ ಹರಡಿ "ಈಗ ಎಷ್ಟು?" ಅಂದರೆ, "ಜಾಸ್ತಿ ಆಯ್ತು" ಅನ್ನುವ ಮಕ್ಕಳು ಬಹಳ. ಐದಾರು ವರ್ಷದ ತನಕ ಇದು ಮಾಮೂಲು. ವಾದ ಮಾಡಬೇಡಿ. ಮತ್ತೆ ಎಣಿಸಲು ಬಿಡಿ, ಮಗು ತಾನೇ ಆಶ್ಚರ್ಯಪಡಲಿ.

ಹಂತ 3: ಎಣಿಸದೆ ಹೇಳು

ಮೂರು ಬೀಜ ಅಂಗೈಯಲ್ಲಿಟ್ಟು, ಎರಡು ಸೆಕೆಂಡ್ ತೋರಿಸಿ ಮುಚ್ಚಿ. "ಎಷ್ಟಿತ್ತು?" ಮೂರು, ನಾಲ್ಕರ ತನಕ ಕಣ್ಣೇ ಹೇಳುತ್ತದೆ, ಎಣಿಸಬೇಕಿಲ್ಲ. ಐದಾರಕ್ಕೆ ಜೋಡಣೆ ಬೇಕು, ದಾಳದ ಚುಕ್ಕಿಯ ಹಾಗೆ.

ಇದಕ್ಕೆ ಚೌಕಾಬಾರದ ಕವಡೆಗಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ನಾಲ್ಕು ಕವಡೆ ಬಿಟ್ಟು, ಬಾಯಿ ಮೇಲಾದದ್ದು ಎಷ್ಟು ಅಂತ ಒಂದೇ ನೋಟಕ್ಕೆ ಹೇಳಬೇಕು. ನಾಲ್ಕೂ ಮೇಲಾದರೆ ಚೌಕ, ನಾಲ್ಕೂ ಕವುಚಿದರೆ ಬಾರ, ಅಂದರೆ ಎಂಟು. ಐದು ವರ್ಷದೊಳಗಿನವರಿಗೆ "ಏನೂ ಮೇಲಾಗದಿದ್ದರೆ ಎಂಟು" ಅನ್ನುವುದು ಗೊಂದಲ. ಅವರಿಗೆ ಸದ್ಯಕ್ಕೆ ಅದು ಸೊನ್ನೆ ಅಂತಲೇ ಇರಲಿ. ಸೊನ್ನೆಯ ಪರಿಚಯವೂ ಆಯಿತು. ಅಜ್ಜ ಒಪ್ಪದಿದ್ದರೆ ಅವರ ಜೊತೆ ಬೇರೆ ಆಟ ಆಡಿ.

ಹಂತ 4: ಹತ್ತರ ಮನೆ

ಒಂದೇ ಒಂದು ಚಟುವಟಿಕೆಗೆ ಟೈಮ್ ಇದೆ ಅನ್ನುವವರು ಇದನ್ನು ಮಾಡಿ. ಮುಂದಿನ ಕೂಡುವುದು, ಕಳೆಯುವುದು, ದಶಕ ಎಲ್ಲವೂ ಇದರ ಮೇಲೇ ನಿಲ್ಲುತ್ತದೆ.

1. ಹತ್ತು ಗುಳಿಯ ಟ್ರೇ ತುಂಡನ್ನು ಮಗುವಿನ ಮುಂದೆ ಅಡ್ಡಲಾಗಿ ಇಡಿ. ಮೇಲೆ ಐದು, ಕೆಳಗೆ ಐದು.
2. ನಿಯಮ ಒಂದೇ. ಮೇಲಿನ ಸಾಲು ಎಡದಿಂದ ಬಲಕ್ಕೆ ತುಂಬಿದ ಮೇಲೇ ಕೆಳಗಿನ ಸಾಲು. ಗುಳಿಗೊಂದೇ ಬೀಜ.
3. "ಏಳು ಇಡು." ಇಟ್ಟ ಮೇಲೆ ಕೇಳಿ: "ಮೇಲೆ ಎಷ್ಟು? ಕೆಳಗೆ ಎಷ್ಟು?" ಮೇಲೆ ಐದು, ಕೆಳಗೆ ಎರಡು. ಏಳು ಅಂದರೆ ಐದೂ ಎರಡೂ ಅಂತ ಕಣ್ಣಲ್ಲಿ ಕೂರಬೇಕು.
4. ಆಮೇಲೆ ಖಾಲಿ ಗುಳಿ ತೋರಿಸಿ: "ಮನೆ ತುಂಬೋಕೆ ಇನ್ನೆಷ್ಟು ಬೇಕು?"
5. ಏಳರಿಂದ ಒಂಬತ್ತು ಮಾಡಿಸಿ. ಎಲ್ಲ ಸುರಿದು ಮೊದಲಿಂದ ಇಟ್ಟರೆ ಇರಲಿ ಬಿಡಿ. ಕೆಲವು ದಿನದಲ್ಲಿ ಮಗು ತಾನೇ ಎರಡು ಮಾತ್ರ ಸೇರಿಸುತ್ತದೆ. ಆ ಗಳಿಗೆಗೆ ಕಾಯಿರಿ, ತೋರಿಸಿಕೊಡಬೇಡಿ.

ದೊಡ್ಡವರು ಮಾಡುವ ತಪ್ಪು ಎರಡು. ಒಂದು, ಬೀಜ ಎಲ್ಲೆಂದರಲ್ಲಿ ಇಡಲು ಬಿಡುವುದು. ಆಗ ಇದು ಬರೀ ಬುಟ್ಟಿ ಆಗುತ್ತದೆ, ಐದು ಕಾಣುವುದಿಲ್ಲ. ಎರಡು, ಪಡ್ಡಿನ ಕಾವಲಿಯೂ ಗುಳಿ ಗುಳಿಯಾಗಿದೆಯಲ್ಲ ಅಂತ ಅದನ್ನೇ ಬಳಸುವುದು. ಪಡ್ಡಿನ ಕಾವಲಿಯಲ್ಲಿ ಏಳೋ ಹನ್ನೆರಡೋ ಗುಳಿ ಇರುತ್ತದೆ. ಎಣಿಸಲು ಚೆನ್ನ, ಹತ್ತು ಕಲಿಸಲು ಆಗದು.

ಈಗ ತೇಯ್ದ ಬೀಜಗಳನ್ನು ತೆಗೆಯಿರಿ. ಮೊದಲು ಐದು. ಅಂಗೈಯಲ್ಲಿ ಕುಲುಕಿ ನೆಲಕ್ಕೆ ಬಿಡಿ. ಬಿಳಿ ಎಷ್ಟು, ಕಂದು ಎಷ್ಟು? ಮೂರು-ಎರಡು. ಮತ್ತೆ ಬಿಡಿ. ನಾಲ್ಕು-ಒಂದು. ಬಣ್ಣ ಬದಲಾಗುತ್ತದೆ, ಒಟ್ಟು ಐದೇ. ಕೆಲವು ದಿನ ಆದ ಮೇಲೆ ಕಂದು ಬೀಜಗಳನ್ನು ಕೈಯಿಂದ ಮುಚ್ಚಿ, "ಬಿಳಿ ಮೂರು ಕಾಣ್ತಿದೆ, ಕೈಕೆಳಗೆ ಎಷ್ಟು?" ಅಂತ ಕೇಳಿ. ಇದೇ ಕಳೆಯುವ ಲೆಕ್ಕ, ಹೆಸರು ಹೇಳಬೇಕಿಲ್ಲ. ಐದು ಪಳಗಿದ ಮೇಲೆ ಆರು, ಏಳು, ಹೀಗೆ ಹತ್ತರವರೆಗೆ. ನನ್ನ ಮಗಳಿಗೆ ಐದರಿಂದ ಹತ್ತು ತಲುಪಲು ಮೂರು ತಿಂಗಳು ಹಿಡಿಯಿತು. ನನಗೆ ಅವಸರ ಇತ್ತು, ಅವಳಿಗಿರಲಿಲ್ಲ.

ಅಂದಹಾಗೆ, ಬೀಜವನ್ನು ಮಗುವಿನ ಕೈಯಲ್ಲೇ ತೇಯಿಸುವುದಾದರೆ ನೋಡಿಕೊಳ್ಳಿ. ತೇಯ್ದ ಬೀಜ ಬಿಸಿಯಾಗುತ್ತದೆ. ಪಕ್ಕದವನ ಕೈಗೆ ಅದನ್ನು ಮುಟ್ಟಿಸಿ ಓಡಿಹೋದದ್ದು ನಮಗೂ ನೆನಪಿದೆ ಅಲ್ವಾ.

ಹಂತ 5: ಈಗ ಅಂಕಿ ಬರೆಸಿ

ಇಲ್ಲಿಯವರೆಗೆ ಪೆನ್ಸಿಲ್ ಬಂದಿಲ್ಲ, ಗಮನಿಸಿ. ಈಗಲೂ ಮೊದಲು ಬೆರಳು. ಅಗಲವಾದ ತಟ್ಟೆಯಲ್ಲಿ ರವೆ ಹರಡಿ, ತೋರುಬೆರಳಿನಿಂದ ಬರೆಸಿ. ರಂಗೋಲಿ ಪುಡಿ ಬೇಡ, ಕಲ್ಲಿನ ಧೂಳು ಮೂಗಿಗೆ ಹೋಗುತ್ತದೆ. ಒಂದೊಂದು ಅಂಕಿ ಬರೆದಾಗಲೂ ಪಕ್ಕದಲ್ಲಿ ಅಷ್ಟು ಬೀಜ ಇರಲಿ. ಬೀಜ ಇಲ್ಲದೆ 5 ಬರೆಯುವುದು ಚಿತ್ರ ಬರೆದ ಹಾಗೆ.

ಕನ್ನಡ ಅಂಕಿ ಮೊದಲೋ 1, 2, 3 ಮೊದಲೋ? ಭಾಷೆಯ ಮೇಲೆ ಎಷ್ಟೇ ಪ್ರೀತಿ ಇದ್ದರೂ 1, 2, 3 ಮೊದಲು ಅನ್ನುತ್ತೇನೆ. ನಾಣ್ಯದ ಮೇಲೆ, ಕ್ಯಾಲೆಂಡರಿನಲ್ಲಿ, ಶಾಲೆಯ ಪುಸ್ತಕದಲ್ಲಿ ಮಗು ನೋಡುವುದು ಅದನ್ನೇ. 6 ಮತ್ತು 9 ಗೊಂದಲ ಮಾಡಿಕೊಳ್ಳುವ ಮಗುವಿಗೆ ಅದೇ ವಾರ ೬ ಮತ್ತು ೯ ಕೊಟ್ಟರೆ ಏನಾಗಬೇಡ! ಒಂದು ಗಟ್ಟಿಯಾದ ಮೇಲೆ ಇನ್ನೊಂದು ಬೇಗ ಬರುತ್ತದೆ.

ಅಂಕಿ ತಿರುಗಿಸಿ ಬರೆಯುವುದು ಆರು, ಏಳು ವರ್ಷದ ತನಕ ಸಾಮಾನ್ಯ. ಹತ್ತು ಸಲ ಬರೆಸುವ ಶಿಕ್ಷೆ ಬೇಡ. ರವೆಯ ತಟ್ಟೆಗೆ ವಾಪಸ್ ಹೋಗಿ.

ಹಂತ 6: ಹತ್ತರ ಕಟ್ಟು

ಇಲ್ಲಿ ನಮ್ಮ ಭಾಷೆ ನಮಗೆ ಸಹಾಯ ಮಾಡುತ್ತದೆ. ಹದಿಮೂರು ಅನ್ನುವಾಗ "ಹದಿ" ಮೊದಲು, "ಮೂರು" ಆಮೇಲೆ. 13 ಬರೆಯುವಾಗಲೂ ಹತ್ತರ 1 ಮೊದಲು, 3 ಆಮೇಲೆ. ಇಂಗ್ಲಿಷಿನ ಥರ್ಟೀನ್‌ನಲ್ಲಿ ಮೂರು ಮೊದಲು ಕೇಳುತ್ತದೆ. ಅದಕ್ಕೇ ಇಂಗ್ಲಿಷ್ ಮೀಡಿಯಂ ಮಕ್ಕಳಲ್ಲಿ ಕೆಲವರು 31 ಬರೆದಿಡುತ್ತಾರೆ. ಥರ್ಟೀನ್, ಥರ್ಟಿ ಕಿವಿಗೆ ಒಂದೇ ಥರ ಕೇಳುವುದು ಬೇರೆ. ಶಾಲೆ ಯಾವ ಮಾಧ್ಯಮದ್ದೇ ಇರಲಿ, ಮನೆ ಅಮೆರಿಕದಲ್ಲೇ ಇರಲಿ, ಕಡ್ಡಿ ಕಟ್ಟುವಾಗ ಕನ್ನಡದಲ್ಲೇ ಎಣಿಸಿ.

ಮಾಡುವ ವಿಧಾನ: ಒಂದು ರಾಶಿ ಕಡ್ಡಿ, ಸುಮಾರು ಇಪ್ಪತ್ತಮೂರು, ಮಗುವಿನ ಮುಂದೆ ಸುರಿಯಿರಿ. "ಎಷ್ಟಿರಬಹುದು?" ಅಂತ ಮೊದಲು ಅಂದಾಜು ಕೇಳಿ. ಏನೇ ಹೇಳಿದರೂ ಸರಿ. ಆಮೇಲೆ ಹತ್ತು ಎಣಿಸಿ ರಬ್ಬರ್ ಬ್ಯಾಂಡ್ ಹಾಕಲಿ. ಮತ್ತೆ ಹತ್ತು, ಮತ್ತೆ ಬ್ಯಾಂಡ್. ಮಿಕ್ಕಿದ್ದು ಮೂರು. ಎರಡು ಕಟ್ಟು ಎಡಗಡೆ, ಮೂರು ಬಿಡಿ ಬಲಗಡೆ. ಇಪ್ಪತ್ತು, ಮೂರು. ಇಪ್ಪತ್ತಮೂರು.

ಕಟ್ಟನ್ನು ನೀವೇ ಮೊದಲೇ ಕಟ್ಟಿ ಇಡಬೇಡಿ. ಆಗ ಮಗುವಿಗೆ ಕಟ್ಟು ಒಂದು ದಪ್ಪ ಕಡ್ಡಿ ಅಷ್ಟೆ. ಕಟ್ಟಿದ್ದೂ ತಾನೇ, ಬಿಚ್ಚಿದ್ದೂ ತಾನೇ ಆಗಬೇಕು. ಬಿಚ್ಚುವುದು ತುಂಬಾ ಮುಖ್ಯ. "23 ಕಡ್ಡಿಯಲ್ಲಿ ನಂಗೆ 5 ಕೊಡು" ಅಂದಾಗ ಬಿಡಿಯಾಗಿ ಮೂರೇ ಇದೆ. ಒಂದು ಕಟ್ಟು ಬಿಚ್ಚಲೇಬೇಕು. ಇದನ್ನು ಕೈಯಾರೆ ಮಾಡಿದ ಮಗುವಿಗೆ ಎರಡನೇ ಕ್ಲಾಸಿನ ಸಾಲ ತೆಗೆದುಕೊಳ್ಳುವ ಲೆಕ್ಕ ಹೊಸದಾಗಿ ಹೇಳಿಕೊಡಬೇಕಿಲ್ಲ.

ಮೂರು ಕಡೆ ಎಚ್ಚರ ಬೇಕು.

ಹೆಸರಿನ ಸಾಲು ಎಲ್ಲ ಕಡೆ ನೆಟ್ಟಗಿಲ್ಲ. ಹದಿಮೂರರಿಂದ ಹದಿನೆಂಟರ ತನಕ "ಹದಿ" ಚೆನ್ನಾಗಿ ಕೇಳುತ್ತದೆ. ಆದರೆ ಹನ್ನೊಂದು, ಹನ್ನೆರಡರಲ್ಲಿ ಅದು ಅಡಗಿದೆ. ಹತ್ತೊಂಬತ್ತು ಮತ್ತೆ ಬೇರೆ ದಾರಿ. "ಹದಿನೊಂಬತ್ತು" ಅಂತ ಮಗು ಹೇಳಿದರೆ ಖುಷಿಪಡಿ, ನಿಯಮ ಹಿಡಿದಿದೆ ಅಂತ ಅರ್ಥ.

ಒಂಬತ್ತು, ತೊಂಬತ್ತು ಪ್ರಾಸ ಹೊಂದಿ ಕಾಡುತ್ತವೆ. ಎಂಬತ್ತೊಂಬತ್ತು ಆದ ಮೇಲೆ ಬಾಯಿ ತಪ್ಪುವುದು ಇಲ್ಲೇ. ಎಪ್ಪತ್ತು, ಎಂಬತ್ತು ಕೂಡ ಅದಲುಬದಲಾಗುತ್ತವೆ. ಏಳು ಕಟ್ಟು ಎಪ್ಪತ್ತು, ಎಂಟು ಕಟ್ಟು ಎಂಬತ್ತು, ಒಂಬತ್ತು ಕಟ್ಟು ತೊಂಬತ್ತು ಅಂತ ಕಟ್ಟು ಮುಟ್ಟಿಸಿಯೇ ಹೇಳಿಸಿ.

ಮೂವತ್ತನಾಲ್ಕು ಬರೆ ಅಂದರೆ 304 ಬರೆಯುವುದು. ಕೇಳಿದ್ದನ್ನು ಕೇಳಿದ ಹಾಗೇ ಬರೆದಿದೆ ಪಾಪ. ಅಗಲ ಚೀಟಿಯಲ್ಲಿ 30 ಬರೆಯಿರಿ, ಅರ್ಧ ಅಗಲದ ಚೀಟಿಯಲ್ಲಿ 4. ನಾಲ್ಕರ ಚೀಟಿಯನ್ನು ಸೊನ್ನೆಯ ಮೇಲೆ ಇಡಿಸಿ. ಸೊನ್ನೆ ಕೆಳಗೇ ಇದೆ, ಎತ್ತಿ ನೋಡಬಹುದು. ಕಟ್ಟು, ಬಿಡಿ, ಚೀಟಿ ಮೂರೂ ಒಟ್ಟಿಗೆ ಇರಲಿ.

ಹಂತ 7: ಮುಂದಕ್ಕೆ ಎಣಿಸುವ ಆಟಗಳು

ನೆಲದ ಮೇಲೆ ಸೀಮೆಸುಣ್ಣದಿಂದ ಒಂದೇ ಸಾಲಿನಲ್ಲಿ ಹತ್ತು ಮನೆ ಬರೆದು 1ರಿಂದ 10 ಅಂಕಿ ಹಾಕಿ. ದಾಳ ಹಾಕಿ ಮಗು ತಾನೇ ಕುಪ್ಪಳಿಸಲಿ. ಐದರಲ್ಲಿ ನಿಂತಿದೆ, ಎರಡು ಬಿತ್ತು. "ಒಂದು, ಎರಡು" ಅಂತ ಹೇಳಿಸಬೇಡಿ. ಕಾಲಿಟ್ಟ ಮನೆಯ ಹೆಸರು ಹೇಳಬೇಕು: "ಆರು, ಏಳು." ಚಿಕ್ಕ ಬದಲಾವಣೆ, ಆದರೆ ಈ ಆಟದ ಫಲವೆಲ್ಲ ಅದರಲ್ಲೇ ಇದೆ. "ಒಂದು, ಎರಡು" ಅಂತ ಕುಪ್ಪಳಿಸಿದರೆ ಎಣಿಕೆ ಅಭ್ಯಾಸ ಆಗುತ್ತದೆ. ಐದಕ್ಕೆ ಎರಡು ಸೇರಿದರೆ ಏಳು ಅನ್ನುವುದು ಕಾಣುವುದಿಲ್ಲ.

ಹಾವು ಏಣಿ ಆಟ ಇದಾದ ಮೇಲೆ. ಅದರಲ್ಲಿ ಮೊದಲ ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ ಹೋಗುತ್ತದೆ. ಚಿಕ್ಕವರು ಸಾಲಿನ ಕೊನೆಯಲ್ಲಿ ದಾರಿ ತಪ್ಪುತ್ತಾರೆ. ಪ್ರತಿ ಸಾಲಿನ ಕೊನೆಗೂ ಒಂದು ಬಾಣದ ಗುರುತು ಹಾಕಿಕೊಡಿ.

ಅಳಗುಳಿ ಮಣೆ, ಕರಾವಳಿಯವರ ಚೆನ್ನೆಮಣೆ, ಮನೆಯಲ್ಲಿದ್ದರೆ ಅದೃಷ್ಟ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಹುಣಸೆ ಬೀಜ ಹಾಕಿದರೆ 56 ಬೀಜ. ಆಟದ ಪೂರ್ತಿ ನಿಯಮ ಊರಿಗೊಂದು ಥರ, ಐದು ವರ್ಷದವರಿಗೆ ಭಾರ. ಬೀಜ ಹಂಚುತ್ತಾ ಹೋಗುವುದಷ್ಟನ್ನೇ ಆಡಿಸಿ. ಒಂದು ಗುಳಿಯ ಬೀಜ ಎತ್ತುವ ಮುನ್ನ "ಕೊನೇ ಬೀಜ ಎಲ್ಲಿ ಬೀಳುತ್ತೆ?" ಅಂತ ಮಗು ಒಂದು ಗುಳಿಗೆ ಬೆರಳಿಡಬೇಕು. ಸರಿಯಾದರೆ ಒಂದು ಅಂಕ. ಹಾಗೇ ಆಡಿದರೆ ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ.

ಬೆರಳು ಮಡಚಿ ಎಣಿಸಿದರೆ ಬಯ್ಯಬೇಡಿ. ಬೆರಳು ಹತ್ತರ ಮನೆಯೇ, ಸದಾ ಜೊತೆಗಿರುತ್ತದೆ. ಹೆಬ್ಬೆರಳಿನಿಂದ ಬೆರಳಿನ ಗೆಣ್ಣು ಎಣಿಸುವ ಅಜ್ಜಿಯರ ಪದ್ಧತಿ ಚೆನ್ನಾಗಿದೆ, ನಾಲ್ಕು ಬೆರಳಿಗೆ ಮೂರರಂತೆ ಒಂದು ಕೈಗೆ 12. ಆದರೆ ಮೊದಲು ಇಡೀ ಬೆರಳಿನಲ್ಲಿ ಐದು, ಹತ್ತು ಕೂರಲಿ. ಗೆಣ್ಣು ಆಮೇಲೆ.

ಹಂತ 8: ಅಡುಗೆಮನೆಯ ಅಳತೆ

ಇಡ್ಲಿಗೆ ನೆನೆಹಾಕುವ ದಿನ ಮಗುವನ್ನು ಕರೆಯಿರಿ. ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದು, ನಿಮ್ಮ ಮನೆಯ ಲೆಕ್ಕ ಏನಿದೆಯೋ ಅದು. ಲೋಟ ಗೋಪುರವಾಗಿ ತುಂಬಿದರೆ ಅಳತೆ ತಪ್ಪುತ್ತದೆ. ಬಾಯಿಯ ಅಂಚಿಗೆ ಸಮವಾಗಿ ಕೈಯಿಂದ ಸವರಲು ಕಲಿಸಿ. ಹಳೇ ಪಾವು, ಸೇರು ಇದ್ದರೆ ನಾಲ್ಕು ಪಾವು ಸುರಿದು ಸೇರು ತುಂಬುತ್ತಾ ನೋಡಲಿ. ಎತ್ತರದ ಲೋಟದ ನೀರನ್ನು ಅಗಲ ಬಟ್ಟಲಿಗೆ ಸುರಿದು "ಈಗ ಜಾಸ್ತಿಯಾ ಕಮ್ಮಿಯಾ?" ಅಂತ ಕೇಳಿ. "ಕಮ್ಮಿ" ಅನ್ನುವ ಸಾಧ್ಯತೆ ಹೆಚ್ಚು. ವಾಪಸ್ ಸುರಿದು ತೋರಿಸಿ, ಪಾಠ ಮಾಡಬೇಡಿ.

ಉದ್ದಕ್ಕೆ ಗೇಣು, ಮೊಳ. ಮೇಜನ್ನು ಮಗು ತನ್ನ ಗೇಣಿನಲ್ಲಿ ಅಳೆಯಲಿ, ನೀವು ನಿಮ್ಮ ಗೇಣಿನಲ್ಲಿ. ಲೆಕ್ಕ ಬೇರೆ ಬರುತ್ತದೆ. ಯಾಕೆ? ಹೂವಿನವರ ಹತ್ತಿರ ಎರಡು ಮೊಳ ತಂದ ಮಲ್ಲಿಗೆಯನ್ನು ಮನೆಯಲ್ಲಿ ಮಗುವಿನ ಮೊಳದಲ್ಲಿ ಅಳೆಸಿ ನೋಡಿ, ಪ್ರಶ್ನೆ ತಾನಾಗಿ ಬರುತ್ತದೆ. ಸ್ಕೇಲು, ಟೇಪು ಆ ಪ್ರಶ್ನೆ ಬಂದ ಮೇಲೆ.

ಅರ್ಧ, ಕಾಲು, ಮುಕ್ಕಾಲಿಗೆ ಚಪಾತಿ ಮಡಚಿಸಿ. ದೋಸೆಯನ್ನು ಹೇಗೋ ಹರಿದು "ನಂಗೆ ದೊಡ್ಡ ಅರ್ಧ" ಅಂದರೆ ಎರಡೂ ತುಂಡು ಒಂದರ ಮೇಲೊಂದು ಇಟ್ಟು ನೋಡಲು ಹೇಳಿ. ಅರ್ಧ ಅಂದರೆ ಎರಡೂ ಸಮ ಇರಬೇಕು ಅನ್ನುವುದು ಹೊಟ್ಟೆಪಾಡಿನ ವಿಷಯವಾದಾಗ ಬೇಗ ಅರ್ಥವಾಗುತ್ತದೆ.

ಹಂತ 9: ದುಡ್ಡು

ಹತ್ತರ ಕಟ್ಟು ಬಂದ ಮೇಲೇ ದುಡ್ಡು. ಅದಕ್ಕೂ ಮೊದಲು ಮಗುವಿಗೆ ಮೂರು ಒಂದು ರೂಪಾಯಿ ನಾಣ್ಯ, ಒಂದು ಐದು ರೂಪಾಯಿ ನಾಣ್ಯಕ್ಕಿಂತ ಜಾಸ್ತಿ. ಅದು ನಾಣ್ಯ ಎಣಿಸುತ್ತದೆ, ಬೆಲೆಯನ್ನಲ್ಲ. ಐದು ಒಂದು ರೂಪಾಯಿ ಕೊಟ್ಟು ಒಂದು ಐದು ರೂಪಾಯಿ ಪಡೆಯುವ ಅದಲುಬದಲಿನ ಆಟ ಮೊದಲು ಆಡಿಸಿ. ಒಂದು, ಎರಡು ರೂಪಾಯಿ ನಾಣ್ಯಗಳು ನೋಡಲು ಒಂದೇ ಥರ, ಶುರುವಿನಲ್ಲಿ ಎರಡು ರೂಪಾಯಿ ಪಕ್ಕಕ್ಕಿಡಿ. ಯುಪಿಐ ಕಾಲದಲ್ಲಿ ಮಕ್ಕಳು ಚಿಲ್ಲರೆ ನೋಡುವುದೇ ಅಪರೂಪ. ವಾರಕ್ಕೊಮ್ಮೆ ಕೊತ್ತಂಬರಿ ಸೊಪ್ಪಿಗಾದರೂ ನಾಣ್ಯ ಕೊಟ್ಟು ಮಗುವಿನ ಕೈಯಲ್ಲೇ ತರಿಸಿ.

ಯಾವಾಗ ನಿಲ್ಲಿಸಬೇಕು, ಯಾವಾಗ ಯಾರನ್ನಾದರೂ ಕೇಳಬೇಕು

ಮಗು ನಿಮ್ಮ ಮುಖ ನೋಡಿ ಉತ್ತರ ಹೇಳಲು ಶುರು ಮಾಡಿದರೆ, "ಆರಾ? ಏಳಾ? ಎಂಟಾ?" ಅಂತ, ಅವತ್ತಿನ ಆಟ ನಿಲ್ಲಿಸಿ. ಮರುದಿನ ಒಂದು ಹಂತ ಹಿಂದೆ ಹೋಗಿ. ಡಬ್ಬಿ ತೆಗೆದ ಕೂಡಲೇ ಹೊಟ್ಟೆನೋವು, ನೀರು ಬೇಕು ಅನ್ನುವುದೂ ಅದೇ ಸೂಚನೆ. ಎರಡು ವಾರ ಬಿಟ್ಟು ಮತ್ತೆ ನೋಡಿ.

ಆರು ವರ್ಷ ದಾಟಿ, ಎರಡು ಮೂರು ತಿಂಗಳು ಹೀಗೆ ಆಡಿದರೂ ಐದು ಬೀಜ ಎಣಿಸಿ ಕೊಡಲು ಆಗದಿದ್ದರೆ, ಮೂರು ಬೀಜವನ್ನೂ ನೋಡಿ ಹೇಳಲಾಗದೆ ಪ್ರತಿ ಸಲ ಎಣಿಸಬೇಕಾದರೆ, ನಿನ್ನೆ ಬಂದದ್ದು ಇವತ್ತು ಪೂರ್ತಿ ಮರೆತುಹೋಗುತ್ತಿದ್ದರೆ, ಶಾಲೆಯ ಟೀಚರ್ ಜೊತೆ ಮಾತಾಡಿ. ಮೊದಲು ಕಣ್ಣು ಮತ್ತು ಕಿವಿ ಪರೀಕ್ಷೆ ಮಾಡಿಸಿ. ಕಿವಿ ಸರಿಯಾಗಿ ಕೇಳದ ಮಗುವಿಗೆ ಎಪ್ಪತ್ತೂ ಎಂಬತ್ತೂ ಒಂದೇ. ಕಿವಿ, ಮಾತಿನ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಲಿಕೆಯ ತೊಂದರೆಯ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ಕೇಳಬಹುದು. ಹೋಗುವಾಗ ಮಗು ಎಲ್ಲೆಲ್ಲಿ ಹೇಗೆ ತಪ್ಪುತ್ತದೆ ಅಂತ ಎರಡು ವಾರ ಬರೆದಿಟ್ಟ ಚೀಟಿ ಒಯ್ಯಿರಿ. ನೆಂಟರು ಹೇಳಿದರು ಅಂತ ನೀವೇ ಒಂದು ಹೆಸರು ಹಚ್ಚಬೇಡಿ.

ಡಬ್ಬಿ ಮುಚ್ಚುವ ಮುನ್ನ

ಆಟ ಮುಗಿದ ಮೇಲೆ ಬೀಜ ನೀವು ಬಾಚಿ ಹಾಕಬೇಡಿ. ಮೂರು ಟ್ರೇ ತುಂಡನ್ನೂ ಮಗು ತುಂಬಲಿ, ಮೂವತ್ತು. ಡಬ್ಬಿಗೆ ಸುರಿಯಲಿ. ಮತ್ತೆ ಮೂವತ್ತು, ಮತ್ತೆ ಮೂವತ್ತು, ಕೊನೆಗೊಂದು ಹತ್ತು. ಸರಿಯಾಗಿ 100 ಆಗಬೇಕು. ಕೊನೆಯ ಟ್ರೇಯಲ್ಲಿ ಎರಡು ಗುಳಿ ಖಾಲಿ ಉಳಿದರೆ, ಎಷ್ಟು ಬೀಜ ಕಳೆದಿದೆ ಅಂತ ಮಗುವೇ ಹೇಳುತ್ತದೆ. ಸೋಫಾದ ಕೆಳಗೆ ಟಾರ್ಚ್ ಬಿಟ್ಟು ಹುಡುಕಿ. ಸಿಗದಿದ್ದರೆ ತಮ್ಮನ ಮುಷ್ಟಿ ಬಿಡಿಸಿ ನೋಡಿ.